ಬಿಲ್ಲೆ ತೂಗುಹಾಕಿದ ಮನೆ

ಪಕ್ಕದ ಮನೆಯ ಅಣ್ಣನ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಮೊದಲು ಬರುವುದು ನಗು. ನಗು ಬಂದ ಮೇಲೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಎಷ್ಟೋ ಸಲ ಹಾಳೆ ಹರಿದು ಹಾಕಿದ್ದೇನೆ. ಈ ಸಲ ಎರಡನ್ನೂ ಇರಗೊಟ್ಟು ಬರೆಯುತ್ತೇನೆ. ಕಾಳು ಹೊಟ್ಟು ಬೇರೆ ಮಾಡುತ್ತ ಕೂಡುವಷ್ಟು ತಾಳ್ಮೆ ಈ ವಯಸ್ಸಿನಲ್ಲಿ ನನಗಿಲ್ಲ.

ನಾನು ಮದುವೆಯಾಗಿ ಧಾರವಾಡದಿಂದ ಓಝರಿಗೆ ಬಂದದ್ದು ಅರವತ್ತರ ದಶಕದ ಕೊನೆಯ ಹೊತ್ತಿಗೆ. ನಾಸಿಕದಿಂದ ಆಗ್ರಾ ರಸ್ತೆ ಹಿಡಿದು ಮುಕ್ಕಾಲು ತಾಸು ಬಸ್ಸಿನಲ್ಲಿ ಕೂತರೆ ವಿಮಾನದ ಕಾರ್ಖಾನೆ, ಅದಕ್ಕೆ ಹತ್ತಿಕೊಂಡು ಸಾಲುಸಾಲು ಕ್ವಾರ್ಟರ್ಸು. ನಮ್ಮವರು ಅಲ್ಲಿ ಫಿಟ್ಟರ್. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಅವರದು. ಗದಗದ ಕಡೆಯವರು, ನಮ್ಮವರಿಗಿಂತ ಎಂಟು ಹತ್ತು ವರ್ಷ ಹಿರಿಯರು, ಕಾರ್ಖಾನೆಯ ಟೂಲ್ ಸ್ಟೋರಿನ ಉಸ್ತುವಾರಿ ಅವರದು. ನಾನು ಟ್ರಂಕು ಇಳಿಸುವ ಮೊದಲೇ ಬಂದು, "ತಂಗೀ, ನೀರು ಹನ್ನೊಂದಕ್ಕ ಹೋಗತಾವ, ಮೊದಲು ಕೊಡ ತುಂಬಕೋ," ಎಂದರು. ಅಂದಿನಿಂದ ಅವರು ಅಣ್ಣ, ಅವರ ಹೆಂಡತಿ ವೈನಿ. ನಮ್ಮ ಕಡೆ ಅಣ್ಣನ ಹೆಂಡತಿಯನ್ನು ಹಾಗೆಯೇ ಕರೆಯುವುದು. ಅವರಿಗೆ ಮಕ್ಕಳಿರಲಿಲ್ಲ.

ಅಣ್ಣ ಕುಳ್ಳಗೆ, ಭುಜ ಮಾತ್ರ ಪೈಲ್ವಾನರ ಹಾಗೆ ಅಗಲ. ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು. ನಕ್ಕರೆ ನಮ್ಮ ಮನೆಯ ಶೆಲ್ಫಿನ ಮೇಲಿನ ಡಬ್ಬಿಗಳಿಗೂ ಕೇಳಿಸಬೇಕು, ಹಾಗೆ ನಗುವವರು. ಕಾಲೊನಿಯಲ್ಲಿ ನಾವು ಕನ್ನಡದವರು ಹತ್ತು ಹನ್ನೆರಡು ಮನೆ. ಅಣ್ಣನ ಮನೆಯಲ್ಲಿ ಜಮಾಯಿಸಿದರೆ ಎದ್ದು ಬರುವುದೇ ಕಷ್ಟ. ಹೊರಡುತ್ತೇವೆಂದರೆ ನಮ್ಮ ಚಪ್ಪಲಿಗಳನ್ನು ಅಡಗಿಸಿಡುತ್ತಿದ್ದರು. ಒಂದು ಸಲ ನಮ್ಮವರ ಎಡಗಾಲಿನ ಚಪ್ಪಲಿ ಹಿಟ್ಟಿನ ಡಬ್ಬಿಯ ಹಿಂದೆ ಸಿಕ್ಕಿತು. "ಇನ್ನೊಂದ್ ಕಪ್ ಚಹಾ ಕುಡದ್ರ ನಿಮ್ಮ ಮನಿ ಓಡಿ ಹೋಗತದೇನು?" ಎನ್ನುವುದು ಅವರ ಕಾಯಂ ಮಾತು.

ಯಾರಾದರೂ ಊರಿಗೆ ಹೊರಟರಂತೂ ಮುಗಿದೇ ಹೋಯಿತು. ಹೊರಟವರಿಗಿಂತ ಮೊದಲು ಅಣ್ಣ ತಯಾರು. ರೈಲಿಗೆ ಎರಡು ತಾಸು ಮುಂಚೆ ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಹಾಜರಿರಬೇಕು, ಕಾಲೊನಿಯ ಅರ್ಧ ಜನ ಜೊತೆಗೆ ಬರಬೇಕು. ತಂಬಿಗೆಗೆ ನೀರು ತುಂಬಿ ಕೊಡುವವರು ಅವರು, ಕಿಟಕಿಯಲ್ಲಿ ತೂರಿ ಸೀಟಿನ ಮೇಲೆ ಟವೆಲ್ ಹಾಸುವವರು ಅವರು. ರೈಲು ಚಲಿಸಿದ ಮೇಲೆ ಪ್ಲಾಟ್‌ಫಾರ್ಮಿನ ತುದಿಯವರೆಗೆ ಓಡುತ್ತ, "ಮುಟ್ಟಿದ ಕೂಡಲೆ ಕಾರ್ಡ್ ಹಾಕ್ರಿ!" ಎಂದು ಕೂಗುವವರೂ ಅವರೇ. ಮೊದಲ ದೀಪಾವಳಿಗೆ ತವರಿಗೆ ಹೋದ ನಾನು ಹೋಳಿಗೆ ತಿನ್ನುವ ಗದ್ದಲದಲ್ಲಿ ಕಾರ್ಡು ಹಾಕುವುದು ಮರೆತೆ. ನಾಲ್ಕನೆಯ ದಿನ ನಮ್ಮಪ್ಪನಿಗೆ ತಂತಿ ಬಂತು. ಆ ಕಾಲದಲ್ಲಿ ತಂತಿ ಎಂದರೆ ಸಾವಿನ ಸುದ್ದಿಯೇ. ಅಪ್ಪ ಒಡೆಯುವ ಮೊದಲೇ ಕೂತುಬಿಟ್ಟರು, ಅವ್ವ ಅಳಲು ಶುರುವಿಟ್ಟುಕೊಂಡಳು. ಒಡೆದು ನೋಡಿದರೆ, 'ತಂಗಿ ಮುಟ್ಟಿದಳೇ, ತಿಳಿಸಿ' ಎಂದಿತ್ತು. ಆ ತಂತಿಯ ಕತೆ ಹೇಳಿ ನಾವು ವರ್ಷಗಟ್ಟಲೆ ನಕ್ಕೆವು. ಕೇಳಿಸಿಕೊಳ್ಳುತ್ತ ಅಣ್ಣನೂ ನಗುತ್ತಿದ್ದರು. ವೈನಿ ನಗುತ್ತಿದ್ದರೋ ಇಲ್ಲವೋ, ನನಗೆ ಎಷ್ಟು ನೆನಪು ಮಾಡಿಕೊಂಡರೂ ನೆನಪಾಗುವುದಿಲ್ಲ. ಯಾರು ನೋಡಿದ್ದರು ಅವರ ಮುಖ?

ಅವರ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಕಾರ್ಖಾನೆಯಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ ಅವನ ನಂಬರು ಹೊಡೆದ ಹಿತ್ತಾಳೆ ಬಿಲ್ಲೆಗಳು. ಸ್ಟೋರಿನಿಂದ ನಟ್ಟು ತಿರುಗಿಸುವ ಒಂದು ಪಾನಾ ಬೇಕಾದರೆ ಒಂದು ಬಿಲ್ಲೆ ಕೊಡಬೇಕು. ಅಣ್ಣ ಪಾನಾ ಕೊಟ್ಟು, ಅದು ತೂಗುತ್ತಿದ್ದ ಮೊಳೆಗೆ ಆ ಬಿಲ್ಲೆ ಹಾಕುತ್ತಿದ್ದರು. ಯಾವ ಸಾಮಾನು ಯಾರ ಕೈಯಲ್ಲಿದೆ ಎಂದು ಗೋಡೆ ನೋಡಿದರೆ ತಿಳಿಯಬೇಕು. ಪಾಳಿ ಮುಗಿಯುವಾಗ ಗೋಡೆಯ ಮೇಲೆ ಒಂದು ಬಿಲ್ಲೆ ಉಳಿದಿದ್ದರೂ ಯಾರೂ ಗೇಟು ದಾಟುವಂತಿಲ್ಲ. ಒಮ್ಮೆ ಬೆರಳುದ್ದದ ಒಂದು ಸ್ಕ್ರೂಡ್ರೈವರ್ ಸಿಗದೆ ಇಡೀ ಶೆಡ್ಡನ್ನು ಎರಡು ತಾಸು ನಿಲ್ಲಿಸಿಕೊಂಡರಂತೆ. ಜನ ಬೈದರು, ಮೇಲಿನವರೂ ಬೈದರು. ಕೊನೆಗೆ ಅದು ಸಿಕ್ಕಿದ್ದು ವಿಮಾನದ ರೆಕ್ಕೆಯೊಳಗೆ, ಮಾರನೆಯ ದಿನ ಹಾರಬೇಕಿದ್ದ ವಿಮಾನ. ಅಂದಿನಿಂದ ಅಣ್ಣನ ಮಾತೆಂದರೆ ಮಾತು. "ಅಣ್ಣನ ಅಂಜಿಕಿಯಿಂದ ಒಬ್ಬ ಪೈಲಟ್ ಬದುಕ್ಯಾನ," ಎಂದು ನಮ್ಮವರು ಹೆಮ್ಮೆಯಿಂದ ಹೇಳುತ್ತಿದ್ದರು.

ಅಂಥದೇ ಬಿಲ್ಲೆಗಳು ಅವರ ಮನೆಯಲ್ಲೂ ಇದ್ದವು. ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ, ಹಲಗೆಗೆ ಐದು ಮೊಳೆ, ಪ್ರತಿ ಮೊಳೆಯ ಮೇಲೆ ಅಣ್ಣನ ಮುತ್ತಿನಂಥ ಅಕ್ಷರ: ಮನಿ, ನಳ, ಸಂತಿ, ಗುಡಿ, ಪಕ್ಕದ ಮನಿ. ವೈನಿ ಎಲ್ಲಿಗೆ ಹೋದರೂ ತಮ್ಮ ಬಿಲ್ಲೆಯನ್ನು ಆ ಮೊಳೆಗೆ ಹಾಕಿ ಹೋಗಬೇಕು, ಬಂದ ಮೇಲೆ 'ಮನಿ'ಗೆ ಹಾಕಬೇಕು. ಬಿಲ್ಲೆಯ ಮೇಲೆ ಒಂದು ಎಂದು ನಂಬರು ಹೊಡೆದಿತ್ತು. "ನಮ್ಮ ಮನಿಯಾಗ ಆಕಿ ನಂಬರ ಒಂದು!" ಎಂದು ಅಣ್ಣ ಬಂದವರಿಗೆಲ್ಲ ತೋರಿಸುತ್ತಿದ್ದರು. ಎಲ್ಲರೂ ಭೇಷ್ ಎಂದರು. ಎಂಥ ಶಿಸ್ತು, ಹೆಂಡತಿಯ ಮೇಲೆ ಎಂಥ ಅಕ್ಕರೆ!

ನಾನು ಭೇಷ್ ಎಂದಷ್ಟೇ ಸುಮ್ಮನಾಗಲಿಲ್ಲ. ನನ್ನ ಗಂಡ ನಾನು ಸಂತೆಗೆ ಹೋದರೂ ಸ್ವರ್ಗಕ್ಕೆ ಹೋದರೂ ಪೇಪರಿನಿಂದ ಮುಖ ಎತ್ತದ ಪೈಕಿ. "ನೋಡ್ರಿ ಅಣ್ಣನ್ನ, ನೀವೂ ಇದೀರಿ," ಎಂದು ಜಗಳ ತೆಗೆದು, ನನಗೂ ಒಂದು ಬಿಲ್ಲೆ ಮಾಡಿಸಿಕೊಡಿ ಎಂದು ಹಟ ಹಿಡಿದೆ. ಅವರು ತರಲೂ ತಂದರು. ನಾನು ಒಂದು ವಾರ ಉಮೇದಿನಿಂದ ಅದನ್ನು ಆ ಮೊಳೆಯಿಂದ ಈ ಮೊಳೆಗೆ ಹಾಕಿದೆ. ಯಾರೂ ನೋಡುವವರಿಲ್ಲದೆ ಬೇಸರ ಬಂದು ಅದನ್ನು ಕೊಬ್ಬರಿ ತುರಿಯುವ ಮಣೆಯ ಕೆಳಗೆ, ಅದು ಅಲುಗದ ಹಾಗೆ, ಒತ್ತಾಗಿ ಇಟ್ಟೆ. ನಾನು ಆಟವಾಡಿ ಬಿಟ್ಟದ್ದನ್ನು ಗೋಡೆಯ ಆಚೆ ಒಬ್ಬ ಹೆಂಗಸು ಜೀವ ಕೈಯಲ್ಲಿ ಹಿಡಿದುಕೊಂಡು ಮಾಡುತ್ತಿದ್ದಳು.

ಕಾಣಿಸಲಿಲ್ಲವೇ ಎಂದರೆ, ಕಾಣಿಸಿತ್ತು. ವೈನಿ ಮೇ ತಿಂಗಳಲ್ಲೂ ಮೊಣಕೈ ದಾಟುವ ತೋಳಿನ ಕುಪ್ಪಸ ತೊಡುತ್ತಿದ್ದರು. ಬಳೆಗಾರ ಬಂದರೆ ನಾವೆಲ್ಲ ಆರಾರು ತಿಂಗಳಿಗೊಮ್ಮೆ ಬಳೆ ಇಡಿಸಿಕೊಂಡರೆ ಅವರಿಗೆ ಪ್ರತಿ ಸಲವೂ ಬೇಕಾಗುತ್ತಿತ್ತು. ನಮ್ಮ ಮನೆಯಲ್ಲಿ ಕೂತು ಮಾತಾಡುತ್ತಿದ್ದವರು ಕಾರ್ಖಾನೆಯ ನಾಲ್ಕೂವರೆಯ ಭೋಂಗಾ ಕೂಗಿದ ಕೂಡಲೆ ಅರ್ಧ ಮಾತಿಗೇ ಏಳುತ್ತಿದ್ದರು. ಅಣ್ಣ ಎರಡೆರಡು ದಿನ ಮನೆಯಲ್ಲಿ ತುಟಿ ಪಿಟಕ್ಕೆನ್ನದೆ ಇರುತ್ತಿದ್ದುದು ಗೋಡೆಯ ಈಚೆ ನನಗೆ ಗೊತ್ತಾಗುತ್ತಿತ್ತು. ಆಮೇಲೆ ಒಂದು ಸಂಜೆ ಏನೋ ಬಿದ್ದ ಸದ್ದು. ಮಾರನೆಯ ದಿನ ಅಣ್ಣ ರಜೆ ಹಾಕಿ ತಾವೇ ಅವಲಕ್ಕಿ ಹಚ್ಚಿ, ಹಿತ್ತಿಲಲ್ಲಿ ಹೆಂಡತಿಯನ್ನು ಕೂರಿಸಿ ತಲೆ ಬಾಚುತ್ತಿದ್ದರು. ದ್ರಾಕ್ಷಿಯ ಕಾಲದಲ್ಲಾದರೆ ಒಂದು ಬುಟ್ಟಿ ದ್ರಾಕ್ಷಿ ಬರುತ್ತಿತ್ತು, ಅರ್ಧ ನಮಗೆ. ನಾನು ಆ ತಲೆ ಬಾಚುವುದನ್ನು ಮಾತ್ರ ನೋಡುತ್ತಿದ್ದೆ, ದ್ರಾಕ್ಷಿಯನ್ನು ಮಾತ್ರ ತಿನ್ನುತ್ತಿದ್ದೆ.

ಅವರ ತಾಯಿಯ ಕತೆಯನ್ನು ಅಣ್ಣ ನಗುತ್ತಲೇ ಹೇಳಿದ್ದು. ಐದು ವರ್ಷದವರಿದ್ದಾಗ ತಾಯಿ ಅವರನ್ನು ಸೋದರಮಾವನ ಮನೆಯ ಕಟ್ಟೆಯ ಮೇಲೆ ಕೂರಿಸಿ, "ಚುರಮರಿ ತರತೀನಿ, ಇಲ್ಲೇ ಕೂಡು," ಎಂದು ಹೋದಳಂತೆ. "ನಾ ಶಾಣ್ಯಾ ಹುಡುಗ ನೋಡು ತಂಗಿ, ಎದ್ದs ಇಲ್ಲ. ಸಂಜಿತನಕಾ ಕೂತೆ. ಚುರಮರಿ ಅಂಗಡ್ಯಾವ ಬಾಗಲಾ ಹಾಕ್ಕೊಂಡು ಹೋದ, ಅವ್ವ ಬರಲಿಲ್ಲ." ಇಷ್ಟು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆ ಎಲ್ಲಿ ಹೋದಳು, ಯಾಕೆ ಹೋದಳು ಎಂದು ಯಾರೂ ಅವರಿಗೆ ಹೇಳಲಿಲ್ಲ. ಆ ದಿನ ನನಗೆ ಅಣ್ಣನ ಮೇಲೆ ಎಂಥ ಮರುಕ ಬಂತೆಂದರೆ, ಮನೆಗೆ ಬಂದು ಅತ್ತೆ. ಈಗಲೂ ಆ ಕಟ್ಟೆಯ ಮೇಲಿನ ಹುಡುಗನ ಮೇಲೆ ನನಗೆ ಮರುಕವಿದೆ. ಆದರೆ ನಮ್ಮವರೂ ಮೂರು ವರ್ಷಕ್ಕೇ ತಾಯಿಯನ್ನು ಕಳಕೊಂಡವರು, ಅವರು ನನ್ನ ಮೇಲೆ ಒಂದು ದಿನ ದನಿ ಎತ್ತಿದವರಲ್ಲ. ಕಟ್ಟೆಯ ಮೇಲೆ ಕೂತವರೆಲ್ಲ ಕೈ ಎತ್ತುವುದಿಲ್ಲ ಎಂಬುದನ್ನು ನಾನು ಆಗಲೇ ಯೋಚಿಸಬೇಕಿತ್ತು.

ನಾನು ಬಸುರಿ, ಏಳು ತಿಂಗಳು ತುಂಬಿ ಎಂಟರಲ್ಲಿದ್ದಾಗ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಹೊಟ್ಟೆ ನೋವು ಕಾಣಿಸಿಕೊಂಡಿತು. ನಮ್ಮವರನ್ನು ಕೆಲಸದ ಮೇಲೆ ಮುಂಬಯಿಗೆ ಕಳಿಸಿದ್ದರು. ನಾನು ಗೋಡೆ ಗುದ್ದಿದೆ. ವೈನಿ ಒಲೆಯ ಮೇಲಿನ ಸಾರನ್ನು ಇಳಿಸಿ ಹಾಗೇ ಓಡಿ ಬಂದರು. ಬಸ್ಸಿಗೆ ಕಾಯುವಂತಿರಲಿಲ್ಲ. ಆ ಮೆತ್ತಗಿನ ಹೆಂಗಸು ಆಗ್ರಾ ರಸ್ತೆಯ ನಡುವೆ ಕೈ ಅಗಲಿಸಿ ನಿಂತು ಉಳ್ಳಾಗಡ್ಡಿ ತುಂಬಿದ ಒಂದು ಲಾರಿಯನ್ನು ನಿಲ್ಲಿಸಿದರು. ಡ್ರೈವರನ ಪಕ್ಕದಲ್ಲಿ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ನಾಸಿಕದ ಆಸ್ಪತ್ರೆಗೆ ಮುಟ್ಟಿಸಿದರು. ಮಗಳು ಹುಟ್ಟಿದಾಗ ನನ್ನ ಸೀರೆಗೆಲ್ಲ ಉಳ್ಳಾಗಡ್ಡಿಯ ವಾಸನೆ. ಇಬ್ಬರ ಜೀವವೂ ಉಳಿದದ್ದು ಅವರಿಂದ. ನಾನು ಕೊಟ್ಟ ನಂಬರಿಗೆ ಆಸ್ಪತ್ರೆಯವರು ಫೋನು ಮಾಡಿ, ಸಂಜೆ ನಮ್ಮವರು ಮುಂಬಯಿಯಿಂದ ಬಂದು ಮುಟ್ಟಿದ ಮೇಲೆ ವೈನಿ ಏಳು ಗಂಟೆಗೆ ಓಝರಿಗೆ ತಿರುಗಿ ಹೋದರು.

ನಾಲ್ಕನೆಯ ದಿನ ಇಬ್ಬರೂ ನನ್ನನ್ನು ನೋಡಲು ಬಂದರು. ಅಣ್ಣನ ಕೈಯಲ್ಲಿ ಬಾಣಂತಿಗೆಂದು ತಾವೇ ಕಟ್ಟಿದ ಅಂಟಿನ ಉಂಡಿಯ ಡಬ್ಬಿ. ವೈನಿಯ ಬಲಗೈ ಮೊಣಕೈಯವರೆಗೆ ಪ್ಲಾಸ್ಟರಿನಲ್ಲಿ. ಅಣ್ಣ ಚಹಾ ತರಲು ಹೊರಗೆ ಹೋದಾಗ, "ಬಚ್ಚಲದಾಗ ಜಾರಿ ಬಿದ್ದೆ," ಎಂದರು. ಮಗ್ಗುಲ ಹಾಸಿಗೆಯ ಚಾದರ ಬದಲಿಸುತ್ತಿದ್ದ ವಯಸ್ಸಾದ ನರ್ಸ್ ತಿರುಗಿ ನೋಡಿ, "ಪಡಲ್ಯಾವರ ಹಾತ ಅಸಾ ಮೋಡತ ನಾಹಿ," ಎಂದಳು. ಬಿದ್ದರೆ ಕೈ ಹೀಗೆ ಮುರಿಯುವುದಿಲ್ಲ ಎಂದು. ಅವಳಿಗೆ ನಾವು ಯಾರೆಂದು ಗೊತ್ತಿರಲಿಲ್ಲ, ಕನ್ನಡ ಕೂಡ ಒಂದೆರಡು ಮಾತಷ್ಟೇ ತಿಳಿಯುತ್ತಿತ್ತು. ಕೈ ನೋಡಿಯೇ ತಿಳಿದುಕೊಂಡಳು. ನಾನು ಎರಡು ವರ್ಷ ಗೋಡೆಗೆ ಕಿವಿ ಹಚ್ಚಿದ್ದವಳು.

ನರ್ಸ್ ಆಚೆ ಹೋದ ಮೇಲೆ ವೈನಿ ಹೇಳಿದರು. "ಗದ್ದಲದಾಗ ಬಿಲ್ಲೆ ಹಾಕೂದು ಮರತೆ. ಅದು 'ಮನಿ'ಗೇ ಇತ್ತು. ನಾ ಮನ್ಯಾಗ ಇದ್ದಿಲ್ಲ. ಭಾವಿಯಾಗೂ ಇಣುಕಿ ನೋಡಿದ್ರಂತ. ನಾ ಬಂದ ಕೂಡಲೆ ಓಡಿ ಬಂದು ಅಪ್ಪಿಕೊಂಡ್ರು, ಸಣ್ಣ ಹುಡುಗರಗತೆ ಅತ್ತರು. ನಾನೂ ಸಮಾಧಾನಾ ಮಾಡಿದೆ. ಆಮ್ಯಾಲೆ 'ಎಲ್ಲಿ ಹೋಗಿದ್ದಿ, ಖರೆ ಹೇಳು' ಅಂದ್ರು. ಹೇಳಿದೆ. 'ಖರೆ ಹೇಳು' ಅಂದ್ರು. ಹಿಡದ ಕೈ ಬಿಡಲೇ ಇಲ್ಲ, ಹಂಗs ತಿರುವಿಕೋತ ಹೋದ್ರು."

ಮಗಳು ಹುಟ್ಟಿದ ಗಳಿಗೆಯಲ್ಲಿಯೇ ಆ ಕೈ ಮುರಿದದ್ದು ಎಂಬ ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದು ಖರೆಯಲ್ಲ, ಮೂರು ತಾಸಿನ ಅಂತರವಿತ್ತು. ಆದರೆ ಕೂತದ್ದು ಏಳಲಿಲ್ಲ.

ಮನೆಗೆ ಬಂದ ಮೇಲೆ ಅಣ್ಣ ಮಗುವನ್ನು ನೋಡಲು ಬಂದರು. ಅವರಷ್ಟು ಚೆನ್ನಾಗಿ ಕೂಸನ್ನು ಎತ್ತಿಕೊಳ್ಳುವವರನ್ನು ನಾನು ನೋಡಿಲ್ಲ. ಅದು ಅತ್ತರೆ, "ಅಳಬ್ಯಾಡ, ನಿಮ್ಮವ್ವ ಇಲ್ಲೇ ಅದಾಳ, ಎಲ್ಲೂ ಹೋಗಿಲ್ಲ," ಎನ್ನುತ್ತಿದ್ದರು. ನಾನು ಕೇಳಿಯೇಬಿಟ್ಟೆ, "ಅಣ್ಣಾ, ವೈನೀನ ಯಾಕ ಬಡದ್ರಿ?"

ಅವರು ಕೂಸನ್ನು ಮೆಲ್ಲಗೆ ತೊಟ್ಟಿಲಲ್ಲಿ ಇಟ್ಟರು. ಸಿಟ್ಟು ಮಾಡಲಿಲ್ಲ, ಹೊರಗಿನವರ ಮೇಲೆ ಅವರು ಎಂದೂ ಸಿಟ್ಟು ಮಾಡಿದವರೇ ಅಲ್ಲ. "ನಾ ಬಡಿಯೂದಿಲ್ಲ ತಂಗಿ," ಎಂದರು. "ನಾ ಅಂಜತೀನಿ. ಎದಿಯಾಗ ಅಂಜಿಕಿ ಹೊಕ್ಕಿತಂದ್ರ ಅದು ಕೈಗೆ ಬರತದ. ಆಮ್ಯಾಲೆ ನೋಡತೀನಿ, ಆಕಿ ಕೆಳಗ ಬಿದ್ದಿರತಾಳ."

"ಅಂಜಿದವರು ನೀವು. ಕೈ ಮುರದದ್ದು ಅವರದು," ಎಂದೆ.

ಅವರು ಅಳಲು ಶುರುಮಾಡಿದರು. ಬಾಣಂತಿಯ ಕೋಣೆಯಲ್ಲಿ ಅಷ್ಟು ಗಟ್ಟಿ ಗಂಡಸು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುವುದನ್ನು ನೋಡಿ ನನಗೂ ಅಳು ಬಂತು, ನಾನೇ ಅವರನ್ನು ಸಮಾಧಾನ ಮಾಡಿದೆ. ಅವರು ಹೋದ ಮೇಲೆ ಹೊಳೆಯಿತು: ವೈನಿಯೂ ಇದನ್ನೇ ಮಾಡುತ್ತಿದ್ದರು. ಹೊಡೆಸಿಕೊಂಡವರೇ ಹೊಡೆದವರನ್ನು ರಮಿಸಬೇಕಾದ ಮನೆ ಅದು.

ನಮ್ಮವರಿಗೆ ಹೇಳಿದೆ. "ಗಂಡಾ ಹೆಂಡ್ತಿ ನಡುವ ನಾವು ಹೋಗೂದು ಛಲೋ ಅಲ್ಲ," ಎಂದು ಪೇಪರು ತೆಗೆದರು. ನಾನು ಪೇಪರು ಕಿತ್ತು ಒಲೆಗೆ ಹಾಕಿದೆ. ಮದುವೆಯಾದ ಮೇಲೆ ನಾನು ಮಾಡಿದ ಮೊದಲ ಒಳ್ಳೆಯ ಜಗಳ ಅದು.

ವೈನಿಯ ಅಕ್ಕ ಔರಂಗಾಬಾದಿನಲ್ಲಿದ್ದರು. ಗಂಡ ತೀರಿಕೊಂಡ ಮೇಲೆ ಅಲ್ಲಿನ ಒಂದು ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸಿಕೊಂಡು ಇದ್ದವರು. ಅಲ್ಲಿಗೆ ಹೋಗಿ ಎಂದೆ. ಅಣ್ಣ ಕೆಲಸಕ್ಕೆ ಹೋದಾಗ ಸದ್ದಿಲ್ಲದೆ ಬಸ್ಸು ಹತ್ತಿಸಿಬಿಡುತ್ತೇನೆ ಎಂದೆ. ವೈನಿ ಒಪ್ಪಲಿಲ್ಲ. "ಸುಳ್ಳು ಹೇಳಿ ಹೋದ್ರ ನಾನೂ ಅವರವ್ವ ಆಗತೀನಿ. ಹುಡುಕ್ಕೋತ ಬಂದು ನನ್ನ ಕೊಂದಾರು, ಇಲ್ಲಾ ತಾವು ಸತ್ತಾರು. ಹೇಳೇ ಹೋಗತೀನಿ. ಆದ್ರ ಒಬ್ಬಾಕೀನೇ ನಿಂತು ಹೇಳೂ ಧೈರ್ಯ ನನಗಿಲ್ಲ. ನೀವೆಲ್ಲಾರೂ ಇರಬೇಕು."

ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಕನ್ನಡದ ಮನೆಗಳೆಲ್ಲ ನಮ್ಮಲ್ಲಿ ಸೇರಿದ್ದವು. ಹಾಡಾಯಿತು, ಹೆಸರಿಟ್ಟದ್ದಾಯಿತು. ಊಟದ ಪಂಕ್ತಿಯಲ್ಲಿ ಅಣ್ಣ ಎಲ್ಲರಿಗೂ ಒತ್ತಾಯ ಮಾಡಿ ಚಿರೋಟಿ ಬಡಿಸುತ್ತಿದ್ದಾಗ, ವೈನಿ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನಾ ನಾಳೆ ಮುಂಜಾನೆ ಔರಂಗಾಬಾದಿಗೆ ಅಕ್ಕನ ಮನೀಗೆ ಹೊಂಟೀನಿ. ಎಲ್ಲಾರೂ ಬಸ್ಸಿಗೆ ಕಳಸ್ಲಿಕ್ಕೆ ಬರ್ರಿ."

ಅಣ್ಣ ತಾಟು ಕೆಳಗಿಟ್ಟರು. ನಕ್ಕರು. "ಎಷ್ಟ ದಿವಸಕ್ಕ?" ಎಂದರು.

"ಕೈ ಕೂಡೂ ತನಕಾ," ಎಂದರು ವೈನಿ. ಅದು ಯಾವ ಕೈಯೆಂದು ಅಲ್ಲಿದ್ದ ಹೆಂಗಸರಿಗೆಲ್ಲ ತಿಳಿಯಿತು. ಬಾಣಂತಿಯ ಆರೈಕೆಯ ನೆವದಲ್ಲಿ ಆ ದಿನ ವೈನಿ ನಮ್ಮಲ್ಲೇ ಉಳಿದಾಗ ಇನ್ನೂ ಇಬ್ಬರು ಹೆಂಗಸರು ಕರೆಯದೆಯೇ ತಮ್ಮ ಚಾಪೆ ತಂದು ನಮ್ಮ ಮನೆಯಲ್ಲಿ ಹಾಸಿದರು.

ಮಾರನೆಯ ದಿನ ನಾಸಿಕದ ಬಸ್ ಸ್ಟ್ಯಾಂಡಿಗೆ ಹದಿನೆಂಟು ಜನ ಹೋದೆವು. ಬಾಣಂತನಕ್ಕೆ ಬಂದಿದ್ದ ಅವ್ವ ಬೈದರೂ ಕೇಳದೆ ನಾನು, ಹಸಿ ಬಾಣಂತಿ, ಕೂಸು ಕಟ್ಟಿಕೊಂಡು ಹೊರಟೆ. ಅಣ್ಣ ನಮಗಿಂತ ಮೊದಲೇ ಅಲ್ಲಿದ್ದರು. ಕಿಟಕಿಯ ಸೀಟಿಗೆ ಟವೆಲ್ ಹಾಸಿದ್ದರು, ತಂಬಿಗೆಗೆ ನೀರು ತುಂಬಿದ್ದರು. ನಡುದಾರಿಯ ಯೇವಲೆಯಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆಂದು ಕಂಡಕ್ಟರನ ಹತ್ತಿರ ಮೂರು ಸಲ ಕೇಳಿದ್ದರು. ವೈನಿ ಕೂತರು. ಕಂಡಕ್ಟರ್ ಗಂಟೆ ಹೊಡೆದ. ಅಣ್ಣ ಇಳಿಯಲಿಲ್ಲ. ಹೆಂಡತಿಯ ಪಕ್ಕದ ಸೀಟಿನಲ್ಲಿ ಮುಂದಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟರು. "ಅಹೋ, ಉತರಾ!" ಎಂದು ಕಂಡಕ್ಟರ್ ಇಳಿಯಲು ಕೂಗಿದ. ಅವರು ಅಲುಗಲಿಲ್ಲ. ಕೆಳಗೆ ನಾವು ಹದಿನೆಂಟು ಜನ ಬಸ್ಸಿನ ಬಾಗಿಲಿಗೆ ಒತ್ತಿ ನಿಂತೆವು. ಅವರು ಇಳಿಯದಿದ್ದರೆ ವೈನಿ ಹೋಗಿಯೂ ಹೋದಂತಲ್ಲ.

ಕಿಟಕಿಯ ಹತ್ತಿರವೇ ಇದ್ದುದರಿಂದ ವೈನಿ ಹೇಳಿದ್ದು ನನಗೆ ಕೇಳಿಸಿತು. "ನಾ ಎಲ್ಲಿ ಇರತೀನಿ ನಿಮಗ ಗೊತ್ತದ. ಬರೂ ತಿಂಗಳ ಮೊದಲನೇ ರವಿವಾರ ಬರ್ರಿ. ಗುಲ್ಮಂಡಿ ಚೌಕದ ಹತ್ರ ನಮ್ಮ ಕನ್ನಡದವರದs ಹೋಟೆಲ್ ಅದ, ಅಲ್ಲಿ ಕೂತು ಚಹಾ ಕುಡಿಯೋಣು. ಮೂರರ ಬಸ್ಸಿಗೆ ನೀವು ತಿರುಗಿ ಹೋಗಬೇಕು. ಮನೀಗೆ ಬರೂ ಹಂಗಿಲ್ಲ. ಈಗ ಇಳೀರಿ."

ನಮ್ಮವರು, ಹಿಂದಿನ ವಾರ ಪೇಪರಿನ ಹಿಂದೆ ಅಡಗಿದ್ದವರು, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಕೈ ಚಾಚಿದರು. "ಅಣ್ಣಾ, ಕೈ ಕೊಡ್ರಿ." ಅಣ್ಣ ಆ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸರಳು ಬಿಟ್ಟು, ಕೈ ಕೊಟ್ಟು, ಇಳಿದರು. ಬಸ್ಸು ಹೋಯಿತು. ಅವರು ಅದರ ಹಿಂದೆ ಓಡಲಿಲ್ಲ.

ಅಲ್ಲಿಂದ ಒಂಬತ್ತು ವರ್ಷ, ತಿಂಗಳ ಮೊದಲ ರವಿವಾರ ಅಣ್ಣ ಔರಂಗಾಬಾದಿಗೆ ಹೋಗಿ ಬಂದರು. ಹೋಟೆಲು ಕುಂದಾಪುರದ ಕಡೆಯವರದು. ಮಾಲೀಕರಿಗೆ ಎಲ್ಲ ಗೊತ್ತಿತ್ತು. ಗಲ್ಲಾಪೆಟ್ಟಿಗೆಯ ಎದುರಿನ ಮೇಜನ್ನು ಆ ಹೊತ್ತಿಗೆ ಬೇರೆಯವರಿಗೆ ಕೊಡುತ್ತಿರಲಿಲ್ಲ. ವೈನಿ ಬಾಗಿಲಿಗೆ ಮುಖ ಮಾಡಿ ಕೂಡುತ್ತಿದ್ದರು. ಶುರುವಿನಲ್ಲಿ ಒಮ್ಮೆ ಮೂರು ಗಂಟೆಯಾದರೂ ಅಣ್ಣ ಏಳಲಿಲ್ಲವಂತೆ. ವೈನಿ ಗಡಿಯಾರ ತೋರಿಸಿದರು. ಅಣ್ಣ ಕೈಯಲ್ಲಿದ್ದ ಗ್ಲಾಸನ್ನು ಗೋಡೆಗೆ ಎಸೆದರು. ವೈನಿ ಒಂದೂ ಮಾತಾಡದೆ ಎದ್ದು ಹೋದರು, ಮುಂದೆ ಎರಡು ತಿಂಗಳು ಬರಲಿಲ್ಲ. ಆ ಎರಡೂ ರವಿವಾರ ಅಣ್ಣ ಹೋಗಿ, ಎರಡು ಚಹಾ ತರಿಸಿ, ಎರಡನ್ನೂ ತಾವೇ ಕುಡಿದು, ಮೂರರ ಬಸ್ಸಿಗೆ ವಾಪಸಾದರು. ಮೂರನೆಯ ತಿಂಗಳು ವೈನಿ ಬಂದರು. ಅದಾದ ಮೇಲೆ ಗ್ಲಾಸು ಒಡೆಯಲಿಲ್ಲ.

ನಾನು ಮಗಳನ್ನು ಕರೆದುಕೊಂಡು ಒಂದೆರಡು ಸಲ ಅವರ ಜೊತೆ ಹೋಗಿದ್ದೆ. ಬೆಳಿಗ್ಗೆ ಆರರ ಬಸ್ಸು, ಯೇವಲೆಯಲ್ಲಿ ಚಹಾ, ವೈಜಾಪುರ ದಾಟಿದ ಮೇಲೆ ಅಣ್ಣ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದರು, ಹೆಣ್ಣು ನೋಡಲು ಹೊರಟ ವರನ ಹಾಗೆ. ಒಮ್ಮೆ ವೈನಿ ತಾವಾಗಿ, "ಇವತ್ತ ಪೈಠಣಕ್ಕ ಹೋಗೋಣು, ಹೊಳಿಗೆ ಡ್ಯಾಮ್ ಕಟ್ಲಿಕ್ಕೆ ಹತ್ಯಾರಂತ," ಎಂದರು. ನಾಲ್ವರೂ ಹೋದೆವು. ಗೋದಾವರಿಯ ದಂಡೆಯಲ್ಲಿ ಅಣ್ಣ ನನ್ನ ಮಗಳಿಗೆ ಕಲ್ಲು ಚಿಮ್ಮುವುದನ್ನು ಕಲಿಸಿದರು. ಅವಳ ಕಲ್ಲು ಮೂರು ಸಲ ನೆಗೆದು ಮುಳುಗಿದಾಗ ಅವರು ಮೊದಲಿನ ಹಾಗೇ ನಕ್ಕರು, ವೈನಿಯೂ ನಕ್ಕರು. ಆ ಮಧ್ಯಾಹ್ನವನ್ನು ಈಗ ನೆನೆದರೂ ನನ್ನ ಎದೆ ತುಂಬಿ ಬರುತ್ತದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಅಣ್ಣ ಹೇಳಿದರು: "ತಂಗಿ, ಮೊದಲು ಆಕಿ ಹೋದಾಳು ಅಂತ ಅಂಜತಿದ್ದೆ. ಈಗ ತಿಂಗಳಾ ನಾನs ಬಿಟ್ಟು ಬರತೀನಿ. ಬಿಟ್ಟು ಬಂದವರೂ ಬದುಕತಾರ, ಬಿಡಿಸಿಕೊಂಡವರೂ ಬದುಕತಾರ. ಇದು ನನಗ ಯಾರೂ ಹೇಳಿದ್ದಿಲ್ಲ."

ಕಾಲೊನಿಯ ಜನಕ್ಕೆ ಮರೆವು ಬೇಗ. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ, ಇಂಥ ದೇವರಂಥ ಗಂಡನನ್ನು ಬಿಟ್ಟುಹೋದಳಲ್ಲ ಎಂದು ವೈನಿಯನ್ನೇ ಆಡಿಕೊಳ್ಳತೊಡಗಿದರು. ಅಣ್ಣ ಒಬ್ಬರೇ ಅಡುಗೆ ಮಾಡಿಕೊಂಡು, ಹೊಸದಾಗಿ ಬಂದ ಬ್ರಹ್ಮಚಾರಿಗಳಿಗೆಲ್ಲ ಉಣ್ಣಲು ಹಾಕುತ್ತಿದ್ದರು. ಬಾಗಿಲ ಪಕ್ಕದ ಹಲಗೆ ಎಂದೋ ಕಿತ್ತು ಒಲೆಗೆ ಹಾಕಿದ್ದರು. ಅವರು ಒಂಟಿಯಾಗಿ ಹಿತ್ತಿಲಲ್ಲಿ ಕೂತು ರೊಟ್ಟಿ ತಿನ್ನುವುದನ್ನು ನೋಡಿ ನೋಡಿ ನನ್ನ ಮನಸ್ಸೂ ಕರಗಿತು. ವೈನಿಗೆ ಕಾಗದ ಬರೆದೆ: 'ಅಣ್ಣ ಪೂರಾ ಬದಲಾಗ್ಯಾರ. ನಾ ಗೋಡೆಯ ಈಚೆಗೇ ಇರತೀನಿ. ಬಂದುಬಿಡ್ರಿ.' ಒಂದು ಕಾರ್ಡು ಬಂತು. ಮುರಿದು ಕೂಡಿದ ಕೈಯ ಸೊಟ್ಟ ಅಕ್ಷರ. 'ಬದಲಾಗ್ಯಾರ, ಖರೆ. ಹಂಗs ಇರ್ಲಿ.' ನನಗೆ ಆಗ ವೈನಿಯದು ಕಲ್ಲು ಮನಸ್ಸು ಎನ್ನಿಸಿತು. ಸುಳ್ಳು ಯಾಕೆ ಹೇಳಲಿ.

ಅಣ್ಣ ಹೋದದ್ದು ಒಂದು ಗುರುವಾರ ಮಧ್ಯಾಹ್ನ, ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಎದೆನೋವಿನಿಂದ. ಪಾಳಿ ಮುಗಿಯುವ ಭೋಂಗಾ ಆದ ಮೇಲೂ ಜನ ಗೇಟಿನ ಹತ್ತಿರ ನಿಂತೇ ಇದ್ದರಂತೆ. ನಮ್ಮವರು ಔರಂಗಾಬಾದಿಗೆ ತಂತಿ ಕೊಟ್ಟರು. ವೈನಿ ಬಂದರು. ಮಾಡಬೇಕಾದದ್ದನ್ನೆಲ್ಲ ಮುಂದೆ ನಿಂತು ಮಾಡಿಸಿದರು. ಮೂರನೆಯ ದಿನ ನಾಸಿಕದ ರಾಮಕುಂಡದಲ್ಲಿ ಅಸ್ಥಿ ಬಿಟ್ಟದ್ದಾಯಿತು. ಗಂಡಸರು ಮುಂದೆ ಹೋದರು. ನಾವಿಬ್ಬರೂ ನೀರಿಗಿಳಿಯುವ ಪಾವಟಿಗೆಯ ಮೇಲೆ ಕೂತೆವು. ನನಗೆ ಅಳು ನಿಲ್ಲಲೊಲ್ಲದು. ಪಕ್ಕದಲ್ಲಿ ಅವರು ನೀರಿನಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದು ಕಂಡು ನನಗೆ ರೇಗಿಹೋಯಿತು.

"ವೈನಿ, ಒಂಬತ್ತು ವರ್ಷ ಆ ಮನಶ್ಯಾ ನಿಮ್ಮ ಮ್ಯಾಲೆ ಕೈ ಎತ್ತಲಿಲ್ಲ. ಒಂದು ಹನಿ ಕಣ್ಣೀರಿಗೂ ಅವರು ಎರವಾದ್ರೇನು?"

ಅವರಿಗೆ ಸಿಟ್ಟು ಬರಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟರು. "ನೀ ಅಳವಾ. ನಿನಗ ಅಣ್ಣ ಅಂವ, ಅಳಬೇಕು. ನಾನೂ ಅತ್ತೀನಿ, ಆವಾಗ ಅಳೂದೆಲ್ಲಾ ಅತ್ತು ಮುಗಿಸೀನಿ." ನೀರಿನಲ್ಲಿ ಕಾಲು ಆಡಿಸಿದರು. "ಛಲೋ ಆಗಿದ್ರು, ಖರೆ. ರವಿವಾರ ಬರೂದನ್ನ ನಾನೂ ಕಾಯತಿದ್ದೆ, ಅದೂ ಖರೆ. ಆದ್ರ ಈ ಒಂಬತ್ತು ವರ್ಷ ಒಂದು ದಿವಸಾನೂ ತಪ್ಪಿಸಲಾರದೆ, ಬಾಗಲಾ ಚಿಲಕಾ ಹಾಕಿ, ಹೊಲಿಗಿ ಮಷೀನ ದೂಡಿಕೋತ ಬಂದು ಬಾಗಲಕ್ಕ ಒತ್ತಿ ಇಟ್ಟು ಮಲಗೀನಿ. ಮುಂಜಾನೆ ತಿರುಗಿ ದೂಡೂದು. ನೆಲಾ ಎಲ್ಲಾ ಗೀರು ಬಿದ್ದಾವ."



ಅವರು ಕಾಲು ಮೇಲೆತ್ತಿ, ಸೆರಗಿನಿಂದ ಒರೆಸಿಕೊಂಡು ಎದ್ದು ನಿಂತರು. "ಇನ್ನ ಅದನ್ನ ಕಿಡಕಿ ಹತ್ರ ಇಡತೀನಿ," ಎಂದರು. "ಅಲ್ಲಿ ಬೆಳಕು ಛಲೋ ಬರತದ."